ಹಳೇ ಸಣ್ಣ ಟ್ರ್ಯಾಕ್ಟರ್ ರಿಪೇರಿಗೆ ಬಿಡುವ ಮುಂಚೆ



ನಮ್ಮ ಬನ್ನೂರು ಸೀಮೆ ಎಂದರೆ ಕಾವೇರಿ ನೀರು, ಭತ್ತದ ಗದ್ದೆ, ಕಬ್ಬು, ಮತ್ತೆ ಹೆಸರುವಾಸಿಯಾದ ಬನ್ನೂರು ಕುರಿ. ಹಿಂದೆ ಗದ್ದೆ ಉಳುವುದಕ್ಕೆ ಎತ್ತುಗಳಿದ್ದವು. ಈಗ ಎಷ್ಟೋ ಮನೆಗಳಲ್ಲಿ ಆ ಜಾಗಕ್ಕೆ ಟಿಲ್ಲರ್ ಅಥವಾ ಸಣ್ಣ ಟ್ರ್ಯಾಕ್ಟರ್ ಬಂದಿದೆ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿಯವರು ಜಪಾನಿನ ಮಿತ್ಸುಬಿಷಿ ಕಂಪನಿಯ ಸಹಯೋಗದಲ್ಲಿ ತಯಾರಿಸಿದ 'ಶಕ್ತಿ' ಟ್ರ್ಯಾಕ್ಟರ್ ಈ ಜಾತಿಯದು. ಮೂರು ಸಿಲಿಂಡರ್, 18-19 ಎಚ್.ಪಿ. ಸಣ್ಣ ತಾಕಿನಲ್ಲಿ ತಿರುಗಿಸುವುದಕ್ಕೆ ಅನುಕೂಲ, ಕೆಸರಿನಲ್ಲಿ ಹೂತುಕೊಳ್ಳುವುದೂ ಕಮ್ಮಿ.

ಆದರೆ ಹದಿನೈದು ಇಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರು ನಾಲೆಗೆ ನೀರು ಬಿಟ್ಟ ವಾರದಲ್ಲೇ ಕೈಕೊಟ್ಟರೆ ಏನು ಗತಿ? ಒಟ್ಲಿನಲ್ಲಿ ಪೈರು ಬಲಿತುಹೋಗುತ್ತದೆ. ಬಲಿತ ಪೈರು ನೆಟ್ಟರೆ ತೆಂಡೆ ಕಮ್ಮಿ ಒಡೆಯುತ್ತದೆ, ಇಳುವರಿ ಬೀಳುತ್ತದೆ. ಆ ಗಾಬರಿಯಲ್ಲಿ ರೈತರು ಗ್ಯಾರೇಜಿಗೆ ಹೋಗಿ "ಅಣ್ಣಾ, ಹೆಂಗಾರ ಮಾಡಿ ರೆಡಿ ಮಾಡ್ಕೊಡು" ಅಂತಾರೆ. ಕಾಯಿಲೆ ಏನು ಅಂತ ಹೇಳದಿದ್ದರೆ ಡಾಕ್ಟರು ಹೇಗೆ ಔಷಧಿ ಕೊಟ್ಟಾರು? ಟ್ರ್ಯಾಕ್ಟರಿಗೂ ಅಷ್ಟೇ. ಲಕ್ಷಣ ಸರಿಯಾಗಿ ಹೇಳಿದರೆ ಅರ್ಧ ರಿಪೇರಿ ಆದ ಹಾಗೆ. ಸುಮ್ಮಸುಮ್ಮನೆ ಎಂಜಿನ್ ಬಿಚ್ಚುವುದೂ ತಪ್ಪುತ್ತದೆ.

ಎಂಜಿನ್ ಹೇಗೆ ನಡೆಯುತ್ತದೆ?

ಡೀಸೆಲ್ ಎಂಜಿನ್ನಿಗೆ ಆ ಹೆಸರು ಬಂದದ್ದು ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ ಅವರಿಂದ. ಅವರ ಎಂಜಿನ್ 1897ರಲ್ಲಿ ಯಶಸ್ವಿಯಾಗಿ ಓಡಿತು. ಇದರಲ್ಲಿ ಸ್ಕೂಟರಿನ ಹಾಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ನು ಮೇಲೆ ಬಂದು ಗಾಳಿಯನ್ನು ಜೋರಾಗಿ ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಎಂಜಿನ್ನಿನಲ್ಲಿ ಆ ಬಿಸಿ 500 ಡಿಗ್ರಿ ದಾಟುತ್ತದೆ. ಅದೇ ಹೊತ್ತಿಗೆ ನಾಝಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸುತ್ತದೆ, ತಾನಾಗಿ ಹತ್ತಿಕೊಳ್ಳುತ್ತದೆ. ಆದ್ದರಿಂದ ಡೀಸೆಲ್ ಎಂಜಿನ್ನಿಗೆ ಬೇಕಾದ್ದು ಮೂರೇ: ಶುದ್ಧ ಗಾಳಿ, ಶುದ್ಧ ಡೀಸೆಲ್, ಒಳ್ಳೆ ಕಂಪ್ರೆಷನ್. ಸ್ಟಾರ್ಟ್ ಆಗದಿದ್ದರೆ ಅಥವಾ ಎಳೆತ ಕಮ್ಮಿಯಾದರೆ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ.

ಮನೆಯಲ್ಲೇ ನೋಡಬಹುದಾದ್ದು

1. ಬ್ಯಾಟರಿ: ಸೆಲ್ಫ್ ತಿರುಗದಿದ್ದರೆ ಮೊದಲು ಬ್ಯಾಟರಿ ಟರ್ಮಿನಲ್ ನೋಡಬೇಕು. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕರೆಂಟು ಹರಿಯುವುದಿಲ್ಲ. ವೈರು ಬಿಚ್ಚಿ, ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಬೇಕು.

2. ಡೀಸೆಲ್: ಟ್ಯಾಂಕ್ ಪೂರ್ತಿ ಖಾಲಿಯಾಗಿ ನಿಂತಿದ್ದರೆ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಇದಕ್ಕೆ "ಏರ್ ಹಿಡಿದಿದೆ" ಅಂತಾರೆ. ಡೀಸೆಲ್ ತುಂಬಿಸಿ, ಫಿಲ್ಟರಿನ ಏರ್ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಟ್ಟು ಬಿಗಿ ಮಾಡಿದರೆ ಸರಿಹೋಗುತ್ತದೆ. ಫಿಲ್ಟರ್ ಕಟ್ಟಿದ್ದರೂ ಎಂಜಿನ್ ಮುಗ್ಗರಿಸುತ್ತದೆ.

3. ಗಾಳಿ: ಒಕ್ಕಣೆ ಕಾಲದ ದೂಳು, ಹೊಟ್ಟು ಏರ್ ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ. ಉಸಿರು ಕಟ್ಟಿದ ಎಂಜಿನ್ ಕರೀ ಹೊಗೆ ಬಿಡುತ್ತದೆ.

4. ನೀರು: ರೇಡಿಯೇಟರ್ ಜಾಲರಿಗೆ ಕೆಸರು, ಹುಲ್ಲು ಮೆತ್ತಿಕೊಂಡರೆ ಎಂಜಿನ್ ಕಾಯುತ್ತದೆ. ಕಾದಾಗ ಮುಚ್ಚಳ ಮಾತ್ರ ತೆಗೆಯಲೇ ಬಾರದು. ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಪೂರ್ತಿ ಆರುವ ತನಕ ಕಾಯಬೇಕು.

5. ಆಯಿಲ್: ಕಡ್ಡಿ ಎಳೆದು ನೋಡಬೇಕು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಮೇಲೆ ಒಂದು ನಿಮಿಷವೂ ಓಡಿಸಬಾರದು, ಬೇರಿಂಗ್ ತಿಂದುಹಾಕುತ್ತದೆ.

ಹೊಗೆ ಹೇಳುವ ಮಾತು

ಅನುಭವಸ್ಥ ಮೆಕ್ಯಾನಿಕ್‌ಗಳು ಸ್ಪ್ಯಾನರ್ ಹಿಡಿಯುವ ಮುಂಚೆ ಹೊಗೆ ನೋಡುತ್ತಾರೆ. ಕರೀ ಹೊಗೆ ಬಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ: ಗಾಳಿ ಸಾಲದು, ಇಲ್ಲವೇ ನಾಝಲ್ ಅಥವಾ ಪಂಪ್ ಸರಿಯಿಲ್ಲ, ಇಲ್ಲವೇ ಶಕ್ತಿಗೆ ಮೀರಿದ ಲೋಡು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ಲೇ ಸುಡುತ್ತಿದೆ. ಇದಕ್ಕೆ ಹೆಚ್ಚಾಗಿ ಸವೆದ ಪಿಸ್ಟನ್ ರಿಂಗು ಕಾರಣ. ಬಿಳೀ ಹೊಗೆ ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಕಾದ ಮೇಲೂ ಬರುತ್ತಾ, ರೇಡಿಯೇಟರ್ ನೀರು ಕಮ್ಮಿಯಾಗುತ್ತಾ ಇದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು.

ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡುತ್ತಾರೆ. ಅಲ್ಲಿಂದ ಬುಸುಬುಸು ಅಂತ ಹೊಗೆ ಬಂದರೆ ರಿಂಗು, ಬೋರು ಸವೆದು ಕಂಪ್ರೆಷನ್ ಕೆಳಗೆ ಸೋರುತ್ತಿದೆ. ಆಗ ಎಂಜಿನ್ ಬಿಚ್ಚದೆ ವಿಧಿಯಿಲ್ಲ. ಆದರೆ ಬರೀ ಕರೀ ಹೊಗೆ ಕಂಡು "ಎಂಜಿನ್ ಹೋಯ್ತು" ಅಂತ ತೀರ್ಮಾನಿಸಬಾರದು. ಒಂದು ಏರ್ ಫಿಲ್ಟರಿನಲ್ಲಿ ಮುಗಿಯುವ ಕೆಲಸವೂ ಇರಬಹುದು.

ಗ್ಯಾರೇಜಿನಲ್ಲಿ ಏನು ಮಾತಾಡಬೇಕು?

ಎಂದಿನಿಂದ ತೊಂದರೆ, ಎಂಜಿನ್ ತಣ್ಣಗಿದ್ದಾಗಲೋ ಕಾದ ಮೇಲೋ, ಬರೀ ಓಡುವಾಗಲೋ ರೋಟವೇಟರ್ ಹಾಕಿದಾಗಲೋ, ಹೊಗೆ ಯಾವ ಬಣ್ಣ, ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ - ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಬರೆಯಲು ಬಾರದ ಅಪ್ಪ, ತಾತಂದಿರಿಗೆ ನಾವು ಮಕ್ಕಳೇ ಬರೆದುಕೊಡಬಹುದು. ಚೀಟಿಯ ಹಿಂದೆ ಎಂಜಿನ್ ನಂಬರು, ಚಾಸಿ ನಂಬರು ಬರೆಯಿರಿ. ಹಳೇ ಮಾಡೆಲ್ಲಿಗೆ ಸಾಮಾನು ಹುಡುಕುವಾಗ ಅದು ಬೇಕಾಗುತ್ತದೆ. ಒಂದೇ ಹೆಸರಿನ ಟ್ರ್ಯಾಕ್ಟರಾದರೂ ವರ್ಷ ಬದಲಾದರೆ ಸಾಮಾನು ಬದಲಾಗಿರಬಹುದು.

ಎಲ್ಲ ಕೆಲಸ ಒಂದೇ ಗ್ಯಾರೇಜಿನಲ್ಲಿ ಆಗುವುದಿಲ್ಲ ಎಂಬುದೂ ಗೊತ್ತಿರಬೇಕು. ಬೋರ್ ಮಾಡಲು ಲೇತಿಗೆ ಕಳಿಸಬೇಕು. ಇಂಜೆಕ್ಷನ್ ಪಂಪನ್ನು ಪರೀಕ್ಷೆ ಮಾಡುವ ಯಂತ್ರವಿರುವ ಅಂಗಡಿಗೆ ಒಯ್ಯಬೇಕು. ಅದಕ್ಕೇ "ನಾಳೆ ಬನ್ನಿ ಯಜಮಾನ್ರೇ" ಅಂದದ್ದು ವಾರವಾಗುತ್ತದೆ. ಎಲ್ಲ ಸಲವೂ ಅದು ಮೆಕ್ಯಾನಿಕ್ ತಪ್ಪಲ್ಲ.

ಬಿಚ್ಚುವ ಮುಂಚೆ ಅಂದಾಜು ಕೇಳಿ ಬರೆಸಿಕೊಳ್ಳಬೇಕು. ಬಿಚ್ಚಿದ ಮೇಲೆ ಬೇರೆ ಕೆಡುಕು ಕಂಡರೆ ನಮ್ಮನ್ನು ಕೇಳಿಯೇ ಮುಂದುವರಿಯಲಿ ಅಂತ ಮೊದಲೇ ಹೇಳಬೇಕು. ತೆಗೆದ ಹಳೇ ಸಾಮಾನು, ಹೊಸದರ ಬಿಲ್ಲು ಎರಡನ್ನೂ ಕೇಳಿ ಇಸ್ಕೋಬೇಕು. ಇದು ಅನುಮಾನವಲ್ಲ, ಲೆಕ್ಕ. ಒಳ್ಳೆ ಮೆಕ್ಯಾನಿಕ್ ತಾನೇ ಕರೆದು ಸವೆದ ರಿಂಗು ತೋರಿಸುತ್ತಾನೆ.

ರಿಪೇರಿಯೋ, ಮಾರಾಟವೋ?

ಅಂದಾಜು ಕೈಗೆ ಬಂದ ಮೇಲೆ ಟ್ರ್ಯಾಕ್ಟರಿನ ಈಗಿನ ಬೆಲೆ ಎಷ್ಟು ಅಂತ ನೋಡಬೇಕು. ಖರ್ಚು ಅದರ ಹತ್ತಿರಕ್ಕೆ ಬಂದರೆ ಮೂಗಿಗಿಂತ ಮೂಗುತಿ ಭಾರ ಆದ ಹಾಗೆ. ಆದರೆ ಗೇರ್ ಬಾಕ್ಸು, ಹಿಂದಿನ ಆಕ್ಸಲ್ ಗಟ್ಟಿಯಿದ್ದು ಎಂಜಿನ್ ಮಾತ್ರ ಸವೆದಿದ್ದರೆ ಮಾಡಿಸುವುದೇ ಲೇಸು. ಹೊಸದಕ್ಕೆ ಸಾಲ ಮಾಡಿದರೆ ಕಂತು ವರ್ಷಾನುಗಟ್ಟಲೆ ಕಟ್ಟಬೇಕು.

ಕೊನೆಯದಾಗಿ ಒಂದು ಮಾತು. ರಿಪೇರಿಗೆ ಬಿಡುವ ಕಾಲ ಬೇಸಿಗೆ. ಗದ್ದೆ ಖಾಲಿಯಿರುತ್ತದೆ, ಗ್ಯಾರೇಜಿನಲ್ಲೂ ನೂಕುನುಗ್ಗಲು ಕಮ್ಮಿ. ಕನ್ನಂಬಾಡಿಯಿಂದ ನೀರು ಬಿಟ್ಟ ಮೇಲೆ ಓಡಿದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸ್ನೇಹಿತರೇ, ಈ ಭಾನುವಾರ ನಿಮ್ಮ ಮನೆಯ ಟ್ರ್ಯಾಕ್ಟರಿನ ಆಯಿಲ್ ಕಡ್ಡಿ, ಏರ್ ಫಿಲ್ಟರ್, ರೇಡಿಯೇಟರ್ ಜಾಲರಿ ಮೂರನ್ನೂ ಎಂಜಿನ್ ನಿಲ್ಲಿಸಿ, ದೊಡ್ಡವರ ಜೊತೆ ನಿಂತು ನೋಡಿ. ಕಂಡದ್ದನ್ನು ಒಂದು ನೋಟ್ ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಮುಂದೆ ಗ್ಯಾರೇಜಿಗೆ ಹೋಗುವ ದಿನ ಬಂದಾಗ ಆ ಪುಸ್ತಕವೇ ಮೊದಲ ಮೆಕ್ಯಾನಿಕ್.