ನಿದ್ದೆ ಬಿಟ್ಟ ಹುರುಪು ರೋಗವಿರಬಹುದು

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಪಶು ಡಾಕ್ಟರಿಗೆ ಹೇಳಿ ಕಳಿಸುತ್ತೇವೆ. ಮನೆಯ ಮನುಷ್ಯ ವಾರಗಟ್ಟಲೆ ನಿದ್ದೆ ಬಿಟ್ಟರೆ ಮಾತ್ರ ‘ಭಾಳ ದುಡೀತಾನ’ ಅಂತ ಹೊಗಳುತ್ತೇವೆ. ಆ ಹುರುಪು ಕೆಲವು ಸಲ ರೋಗವಾಗಿರುತ್ತದೆ. ಅದನ್ನು ಮನೆಯವರು ಹೇಗೆ ಗುರುತಿಸಬೇಕು, ಎಲ್ಲಿ ತೋರಿಸಬೇಕು ಅನ್ನುವುದೇ ಈ ಲೇಖನ.

ನಮ್ಮದು ಕಮಲಾಪುರ ತಾಲೂಕಿನ ಒಂದು ಹಳ್ಳಿ. 11 ಎಕರೆ ಒಣಭೂಮಿ. ತೊಗರಿ, ಜೋಳ, ಹೆಸರು ಬೆಳೆಯುತ್ತೇವೆ. ನನ್ನ ತಮ್ಮನಿಗೆ ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇದೆ. 2017ರಿಂದ ಔಷಧ ನಡೆದಿದೆ. ಅವನನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ‘ಹೆಸರು ಬ್ಯಾಡಣ್ಣ, ಉಳಿದದ್ದು ಬರಿ. ಯಾರಿಗರೆ ಉಪಯೋಗ ಆಗಲಿ’ ಅಂದ.

ಎರಡು ತುದಿಯ ಕಾಯಿಲೆ

ಬೈಪೋಲಾರ್ ಅಂದರೆ ಎರಡು ತುದಿ. ಒಂದು ತುದಿಯಲ್ಲಿ ಮನಸ್ಸು ಅತಿಯಾಗಿ ಉಬ್ಬುತ್ತದೆ. ಇದಕ್ಕೆ ಉನ್ಮಾದ ಅನ್ನುತ್ತಾರೆ. ಇನ್ನೊಂದು ತುದಿಯಲ್ಲಿ ಪೂರಾ ಕುಗ್ಗುತ್ತದೆ. ಅದು ಖಿನ್ನತೆ. ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನುಷ್ಯ ಎಲ್ಲರ ಹಾಗೆ ಇರಬಹುದು. ಬೆಳಗ್ಗೆ ಸಿಟ್ಟು, ಸಂಜೆ ನಗು ಬರುವುದು ಈ ಕಾಯಿಲೆಯಲ್ಲ. ಉಬ್ಬರ ಸಾಮಾನ್ಯವಾಗಿ ಒಂದು ವಾರವಾದರೂ ಇರುತ್ತದೆ, ಕುಗ್ಗುವುದು ಎರಡು ವಾರಕ್ಕಿಂತ ಹೆಚ್ಚು. ಹೆಚ್ಚಿನವರಿಗೆ ಹರೆಯದಲ್ಲೇ ಶುರುವಾಗುತ್ತದೆ. ಮನೆತನದಲ್ಲಿ ಯಾರಿಗಾದರೂ ಇದ್ದರೆ ಬರುವ ಸಂಭವ ಹೆಚ್ಚು, ಆದರೆ ಬಂದೇ ಬರಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನರಿಗೆ ಇದು ಇತ್ತು. ಇದು ಗಾಳಿ ಸೋಕಿದ್ದಲ್ಲ, ಯಾರೋ ಮಾಡಿಸಿದ್ದಲ್ಲ, ಪಾಪದ ಫಲವೂ ಅಲ್ಲ.

ಕುಗ್ಗಿದವನನ್ನು ಜನ ಬೇಗ ಗುರುತಿಸುತ್ತಾರೆ. ಮೂಲೆ ಹಿಡಿದು ಕೂತವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಉಬ್ಬಿದವನನ್ನು ಗುರುತಿಸುವುದು ಕಷ್ಟ. ಒಕ್ಕಲುತನದಲ್ಲಿ ಹುರುಪಿಗೆ ಬೆಲೆ ಇದೆಯಲ್ಲ, ಅದಕ್ಕೆ.

ನಮ್ಮ ಮನೆಯಲ್ಲಿ ಕಂಡದ್ದು

2016ರ ಮುಂಗಾರಿಯಲ್ಲಿ ನಮ್ಮ ಕಡೆ ತೊಗರಿ ಭರ್ತಿ ಬಂತು, ಬೆಲೆ ನೆಲ ಕಚ್ಚಿತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5050 ರೂಪಾಯಿ ಇದ್ದರೂ ಪೇಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. 2017ರ ಬೇಸಿಗೆಯಲ್ಲಿ ಊರೆಲ್ಲ ಸಪ್ಪಗಿತ್ತು. ನನ್ನ ತಮ್ಮ ಒಬ್ಬನೇ ಹಬ್ಬದಾಗ ಇದ್ದಂಗ ಇದ್ದ. ನಸುಕಿನ ಎರಡು ಗಂಟೆಗೆ ಎದ್ದು ಬದು ಕಡಿಯುತ್ತಿದ್ದ. ಕಮಲಾಪುರದ ಕೆಂಪು ಬಾಳೆಗೆ 2009ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆಯಲ್ಲ, ನಾವೂ 4 ಎಕರೆ ಹಚ್ಚೋಣ ಅಂದ. ನೀರಿಲ್ಲದ ಹೊಲದಲ್ಲಿ ಹದಿನಾರು ದಿನದಲ್ಲಿ ಎರಡು ಬೋರು ಹೊಡೆಸಿದ. ಒಂದು ಒಣಗಿದ್ದು, ಇನ್ನೊಂದಕ್ಕೆ ಒಂದಿಂಚು ನೀರು. ಬಡ್ಡಿ ಸಾಲ ತಂದು ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟ. ಮಾತು ಒಂದರ ಮೇಲೊಂದು, ನಡುವೆ ಯಾರಾದರೂ ತಡೆದರೆ ಸಿಟ್ಟು. ಕಟ್ಟೆಯ ಮೇಲೆ ಕೂತವರು ‘ಗಂಡಸು ಅಂದ್ರ ಹಿಂಗಿರಬೇಕು’ ಅಂದರು.

ಗುರುತು ಹಿಡಿದವಳು ತಮ್ಮನ ಹೆಂಡತಿ. ನಮ್ಮ ಮನೆಗೆ ಬಂದು ಹೇಳಿದಳು: ‘ಭಾವಾರ, ಹನ್ನೊಂದು ದಿನ ಆತು, ಇವರು ರಾತ್ರಿ ಎರಡು ತಾಸಿಗಿಂತ ಹೆಚ್ಚು ಮಲಗಿಲ್ಲ. ಆದ್ರೂ ದಣಿವಿಲ್ಲ. ಇದು ದುಡಿಮಿ ಅಲ್ರಿ, ಏನೋ ಬ್ಯಾರೆ ಅದ.’

ಗೋಡೆಯ ಕ್ಯಾಲೆಂಡರಿನಲ್ಲಿ ಆಕೆ ದಿನಾ ಎಷ್ಟು ತಾಸು ನಿದ್ದೆ ಅಂತ ಪೆನ್ಸಿಲಿನಿಂದ ಬರೆದಿದ್ದಳು. ನಾವು ಮಳೆ ಬಿದ್ದ ದಿನ, ಬಿತ್ತಿದ ದಿನ ಬರೆಯುವ ಅದೇ ಕ್ಯಾಲೆಂಡರ್. ಆಕೆಯ ಮಾತಿನಲ್ಲಿ ಮುಖ್ಯವಾದದ್ದು ‘ದಣಿವಿಲ್ಲ’ ಅನ್ನುವುದು. ಚಿಂತೆಯಿಂದ ನಿದ್ದೆಗೆಟ್ಟವನು ಮರುದಿನ ಬಳಲುತ್ತಾನೆ. ಈ ಕಾಯಿಲೆ ಏರಿದವನಿಗೆ ನಿದ್ದೆ ಬೇಕು ಅನ್ನಿಸುವುದೇ ಇಲ್ಲ.

ಮನೆಯವರು ನೋಡಬೇಕಾದ ಗುರುತು

ಏರುವಾಗ:
• ಎರಡು ಮೂರು ತಾಸು ಮಲಗಿದರೂ ದಣಿವಿಲ್ಲದಿರುವುದು.
• ಮಾತಿನ ವೇಗ ಹೆಚ್ಚುವುದು, ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವುದು.
• ಕೈಯಲ್ಲಿ ದುಡ್ಡಿಲ್ಲದಿದ್ದರೂ ಖರೀದಿ, ದಾನ, ಸಾಲ, ಹೊಲ ಮಾರುವ ಮಾತು.
• ‘ನನ್ನಂಥವನು ಇಲ್ಲ’ ಎಂಬ ಭಾವ. ಜೋರಾದಾಗ ದೇವರು ತನ್ನೊಡನೆ ಮಾತಾಡುತ್ತಾನೆ, ಯಾರೋ ಬೆನ್ನು ಹತ್ತಿದ್ದಾರೆ ಎನ್ನುವುದು.
• ಸಣ್ಣದಕ್ಕೆ ಸಿಟ್ಟು, ಗಾಡಿ ಜೋರಾಗಿ ಓಡಿಸುವುದು, ಮೊದಲಿಲ್ಲದ ಕುಡಿತ.

ಇಳಿಯುವಾಗ:
• ಹೊಲದ ಕಡೆ ಹೋಗದಿರುವುದು, ದನ ಕಂಡರೂ ಮುಖ ತಿರುಗಿಸುವುದು.
• ಊಟ ರುಚಿಸದಿರುವುದು. ನಸುಕಿನಲ್ಲೇ ಎಚ್ಚರವಾಗುವುದು, ಇಲ್ಲವೇ ದಿನವಿಡೀ ಮಲಗುವುದು.
• ‘ನನ್ನಿಂದ ಮನಿ ಹಾಳಾತು’ ಎನ್ನುವುದು.
• ಸಾವಿನ ಮಾತು. ಇದನ್ನು ನಾಟಕ ಅನ್ನಬೇಡಿ. ಅಂದೇ ದವಾಖಾನೆಗೆ ಹೋಗಿ, ಒಬ್ಬನನ್ನೇ ಬಿಡಬೇಡಿ, ಎಣ್ಣೆ ಡಬ್ಬಿ, ಔಷಧಗಳನ್ನೆಲ್ಲ ಬೇರೆಯವರ ಮನೆಯಲ್ಲಿ ಕೀಲಿ ಹಾಕಿಡಿ.

ಒಂದೇ ಗುರುತು ಕಂಡರೆ ಹೆದರಬೇಕಿಲ್ಲ. ನಾಲ್ಕೈದು ಕೂಡಿ ಬಂದು, ಮನುಷ್ಯ ತನ್ನ ಎಂದಿನ ಸ್ವಭಾವ ಬಿಟ್ಟಂತೆ ಕಂಡರೆ ತಡ ಮಾಡಬಾರದು. ಇದು ಯಾವ ಕಾಯಿಲೆ ಅಂತ ಹೇಳುವವರು ಡಾಕ್ಟರು. ನಮ್ಮ ಕೆಲಸ ಗುರುತು ನೋಡಿ ಕರೆದೊಯ್ಯುವುದು ಮಾತ್ರ.

ಕಲಬುರಗಿಗೆ ಕರೆದೊಯ್ದದ್ದು

ಏರಿದವನು ‘ನನಗೇನಾಗ್ಯಾದ?’ ಅನ್ನುತ್ತಾನೆ. ಅವನಿಗೆ ಅದು ಸುಖದ ಸ್ಥಿತಿ. ‘ನಿನಗ ಹುಚ್ಚು’ ಅಂದರೆ ಕೆಲಸ ಕೆಟ್ಟಿತು. ತಮ್ಮ ಯಾರ ಮಾತು ಕೇಳುತ್ತಾನೋ ಅವರಿಂದ ಹೇಳಿಸಿದೆವು, ನಮ್ಮ ಸೋದರಮಾವನಿಂದ. ಬೋರಿನ ಮಾತು, ಸಾಲದ ಮಾತು ಯಾವುದೂ ಎತ್ತಲಿಲ್ಲ. ‘ನಿದ್ದಿ ಹತ್ತವಲ್ದು ನಿನಗ. ಅದಕ್ಕಷ್ಟೇ ತೋರಿಸಿ ಬರೋಣು ನಡಿ’ ಅಂದರು. ಅದು ಸುಳ್ಳೂ ಆಗಿರಲಿಲ್ಲ. ಬಸ್ಸು ಹತ್ತಿ ಕಲಬುರಗಿಯ ಜಿಮ್ಸ್ ದವಾಖಾನೆಗೆ ಹೋದೆವು. ಅಲ್ಲಿ ಮನೋರೋಗ ವಿಭಾಗವಿದೆ.

ಡಾಕ್ಟರು ಕ್ಯಾಲೆಂಡರನ್ನೇ ಮೊದಲು ನೋಡಿದರು. ಆಮೇಲೆ ‘ಹಿಂದೆ ಯಾವಾಗಾದರೂ ತಿಂಗಳುಗಟ್ಟಲೆ ಮಂಕಾಗಿದ್ದರಾ?’ ಅಂತ ಕೇಳಿದರು. 2013ರಲ್ಲಿ ಎರಡು ತಿಂಗಳು ಹಾಗಿದ್ದ. ಆಗ ಒಬ್ಬ ಡಾಕ್ಟರು ಶಕ್ತಿ ಗುಳಿಗೆ ಬರೆದುಕೊಟ್ಟಿದ್ದರು. ಈ ಪ್ರಶ್ನೆಗೆ ಕಾರಣವಿದೆ. ಕುಗ್ಗಿದಾಗ ಮಾತ್ರ ಡಾಕ್ಟರ ಬಳಿ ಹೋಗಿ, ಹಿಂದಿನ ಉಬ್ಬರದ ಸಂಗತಿ ಹೇಳದಿದ್ದರೆ ಅವರು ಬರೀ ಖಿನ್ನತೆ ಎಂದು ತಿಳಿಯಬಹುದು. ಬರೀ ಖಿನ್ನತೆಯ ಗುಳಿಗೆ ಕೆಲವರಲ್ಲಿ ಮನಸ್ಸನ್ನು ಇನ್ನೊಂದು ತುದಿಗೆ ಏರಿಸಿಬಿಡುತ್ತದೆ. ಅದಕ್ಕೇ ಮನೆಯವರು ಜೊತೆಗೆ ಹೋಗಿ ಎರಡೂ ತುದಿಯ ಸಂಗತಿ ಹೇಳಬೇಕು.

ತಮ್ಮ ಎರಡು ವಾರ ದವಾಖಾನೆಯಲ್ಲಿದ್ದ. ಮನೆಗೆ ಬಂದ ಮೇಲೆ ಗುಳಿಗೆ ನಡೆಯಿತು.

ಬಿಸಿಲು, ಬೆವರು ಮತ್ತು ಲಿಥಿಯಂ

ತಮ್ಮನಿಗೆ ಕೊಟ್ಟದ್ದು ಲಿಥಿಯಂ. ಇದೊಂದು ಲವಣ. ಉನ್ಮಾದಕ್ಕೆ ಇದು ಉಪಯೋಗವಾಗುತ್ತದೆ ಎಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಬರೆದರು. ಹಳೆಯ ಔಷಧವಾದರೂ ಇಂದಿಗೂ ಮುಖ್ಯವಾದದ್ದು. ಬೇರೆ ಔಷಧಗಳೂ ಇವೆ. ಯಾರಿಗೆ ಯಾವುದು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ವಾಲ್‌ಪ್ರೊಯೇಟ್ ಎಂಬುದು ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು ಮಾಡುತ್ತದೆ. ಹರೆಯದ ಹೆಣ್ಣುಮಕ್ಕಳಿದ್ದರೆ ಈ ಮಾತು ಮೊದಲೇ ಕೇಳಿಕೊಳ್ಳಬೇಕು.

ಲಿಥಿಯಂ ತಗೊಳ್ಳುವ ಒಕ್ಕಲಿಗರು ಬಿಸಿಲಿನ ಬಗ್ಗೆ ಎಚ್ಚರ ಇರಬೇಕು. ಇದರ ಪ್ರಮಾಣ ಕಡಿಮೆಯಾದರೆ ಗುಣವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಕಿಡ್ನಿ ಮತ್ತು ಥೈರಾಯ್ಡ್ ಕೂಡ ನೋಡುತ್ತಾರೆ. ಬೆವರಿ ಮೈಯ ನೀರು, ಉಪ್ಪು ಹೋದಾಗ ಕಿಡ್ನಿಯು ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಅದು ಏರುತ್ತದೆ. ನಮ್ಮ ಕಲಬುರಗಿ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಅದಕ್ಕೆ ನಾವು ಇಷ್ಟು ಮಾಡುತ್ತೇವೆ:

• ಏಪ್ರಿಲ್, ಮೇ ತಿಂಗಳಲ್ಲಿ ತಮ್ಮನ ಹೊಲದ ಕೆಲಸ ಬೆಳಗ್ಗೆ 10ರೊಳಗೆ ಮುಗಿಯಬೇಕು.
• ನೀರಿನ ಕೊಡ ಜೊತೆಗೇ ಇರಬೇಕು. ಊಟದ ಉಪ್ಪನ್ನು ಒಮ್ಮೆಲೇ ಬಿಡಬಾರದು, ಹೆಚ್ಚಿಸಲೂಬಾರದು.
• ವಾಂತಿ, ಭೇದಿ, ಜ್ವರ ಬಂದರೆ ಡಾಕ್ಟರಿಗೆ ಕೂಡಲೇ ತಿಳಿಸಬೇಕು.
• ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬಾರದು. ಅವೂ ಲಿಥಿಯಂ ಏರಿಸುತ್ತವೆ.
• ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು ಕಂಡರೆ ಕಾಯದೆ ದವಾಖಾನೆಗೆ ಹೋಗಬೇಕು. ಕುಡಿದಾನ ಅಂತ ತಿಳಿದು ಮಲಗಿಸಬಾರದು.

ಗುಣವಾಯಿತು ಅಂತ ಗುಳಿಗೆ ಬಿಡುವುದು ದೊಡ್ಡ ಅಪಾಯ. ಮಳೆ ನಿಂತಿತು ಅಂತ ಬದು ಒಡೆಯುತ್ತೇವೇನು? ಕಡಿಮೆ ಮಾಡುವುದಿದ್ದರೂ ಡಾಕ್ಟರೇ ಮಾಡಬೇಕು.

ರಾತ್ರಿ ಕೆಲಸ ಬೇಡ

ನಿದ್ದೆಗೆಡುವುದು ಈ ಕಾಯಿಲೆಯ ಗುರುತೂ ಹೌದು, ಕಾರಣವೂ ಹೌದು. ಒಂದೆರಡು ರಾತ್ರಿ ಪೂರಾ ಎಚ್ಚರ ಇದ್ದರೆ ಉಬ್ಬರ ಶುರುವಾಗಬಹುದು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ನೀರು ಬಿಡುವುದು, ಹಂದಿ ಕಾಯುವುದು, ಜಾತ್ರೆಯ ಜಾಗರಣೆ ಇವನ್ನೆಲ್ಲ ತಮ್ಮನಿಗೆ ಬಿಡಿಸಿದ್ದೇವೆ. ಆ ಪಾಳಿ ನನ್ನ ಮಗನದು. ಬದಲಿಗೆ ಹಗಲಿನ ಕಳೆ, ಎಡೆ ತಮ್ಮನದು. ಸೆರೆ, ಗಾಂಜಾ ಎರಡೂ ಈ ಕಾಯಿಲೆ ಕೆಣಕುತ್ತವೆ.

ದುಡ್ಡು, ಪಹಣಿ, ಕಾನೂನು

ನೆಟ್ಟಗಿರುವಾಗ ಕೂತು ಮಾತಾಡಿ ತಮ್ಮನೇ ಕೆಲವು ಕರಾರು ಮಾಡಿಕೊಂಡಿದ್ದಾನೆ. 5000 ರೂಪಾಯಿಗಿಂತ ಹೆಚ್ಚಿನ ಖರೀದಿಗೆ ಎರಡು ರಾತ್ರಿ ತಡೆಯಬೇಕು. ಎಟಿಎಂ ಕಾರ್ಡು ಹೆಂಡತಿಯ ಕೈಯಲ್ಲಿ, ಹೊಲದ ಕಾಗದ ಅಕ್ಕನ ಮನೆಯಲ್ಲಿ. ಏರಿದಾಗ ಈ ಮಾತು ಎತ್ತಿದರೆ ಜಗಳವಾಗುತ್ತಿತ್ತು.

2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಕಾಯಿಲೆಯವನು ನೆಟ್ಟಗಿರುವಾಗಲೇ ತನಗೆ ಎಂಥ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬರೆದಿಡಲು ಅದರಲ್ಲಿ ಅವಕಾಶವಿದೆ. ಸರಪಳಿಯಲ್ಲಿ ಕಟ್ಟುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ 28 ಮಂದಿ ಸತ್ತರು. ದೇವರಿಗೆ ನಡೆದುಕೊಳ್ಳುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಕಾಯಿ ಒಡೆಸಿಕೊಂಡು ಬಂದು ಗುಳಿಗೆನೂ ತಗೊಳ್ಳಿ.

ಎಲ್ಲಿ ತೋರಿಸಬೇಕು

ಊರಿನ ಆಶಾ ಕಾರ್ಯಕರ್ತೆಯನ್ನು, ಹತ್ತಿರದ ಸರ್ಕಾರಿ ದವಾಖಾನೆಯನ್ನು ಮೊದಲು ಕೇಳಿ. ಹಳ್ಳಿ ದವಾಖಾನೆಯಲ್ಲೇ ಮನೋರೋಗ ನೋಡಬಹುದು ಎಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ನಮ್ಮ ಕಡೆಯ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ದವಾಖಾನೆಗಳಿಗೆ ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ವಾರ ಅಂತ ಕೇಳಿಕೊಂಡು ಹೋಗಿ. ದೊಡ್ಡ ಮಟ್ಟದಲ್ಲಿ ಕಲಬುರಗಿಯ ಜಿಮ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸಹಾಯವಾಣಿ ನಡೆದಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಪುಕ್ಕಟೆ, ಕನ್ನಡದಲ್ಲಿ ಮಾತಾಡಬಹುದು.

ಈಗ ಹೇಗಿದ್ದಾನೆ?

ಪೂರಾ ಹೋಗುವ ಕಾಯಿಲೆ ಇದಲ್ಲ, ಹದ್ದಿನಲ್ಲಿಡುವ ಕಾಯಿಲೆ. 2022ರಲ್ಲಿ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ಹೊಲಗಳು ಒಣಗಿದವು. ಆಗ ತಮ್ಮ ಮತ್ತೆ ಕುಗ್ಗಿದ. ಕ್ಯಾಲೆಂಡರಿನಲ್ಲಿ ಐದನೇ ದಿನಕ್ಕೇ ಗೊತ್ತಾಯಿತು, ಆರನೇ ದಿನ ಡಾಕ್ಟರ ಮುಂದೆ ಇದ್ದೆವು. ಗುಳಿಗೆ ಸ್ವಲ್ಪ ಬದಲಿಸಿದರು. ದವಾಖಾನೆಯಲ್ಲಿ ಮಲಗಬೇಕಾಗಲಿಲ್ಲ. ಮುಂದಿನ ಮುಂಗಾರಿಗೆ ಬೀಜಕ್ಕೆ ಔಷಧ ಹಚ್ಚಿ ಬಿತ್ತಿದವನು ಅವನೇ. ಬೋರಿನ ಸಾಲ ಮೊನ್ನೆ ಮೊನ್ನೆ ತೀರಿತು.

ಕ್ಯಾಲೆಂಡರಿನಲ್ಲಿ ನಾವು ದಿನಾ ಬರೆಯುವುದು ನಾಲ್ಕೇ: ನಿದ್ದೆಯ ತಾಸು, ಗುಳಿಗೆ ತಗೊಂಡನೋ ಇಲ್ಲವೋ, ಮನಸ್ಸು ಏರಿತ್ತೋ ಇಳಿದಿತ್ತೋ, ದೊಡ್ಡ ಖರ್ಚು ಏನಾದರೂ ಇತ್ತೋ. ಈಗ ತಮ್ಮನೇ ಬರೆಯುತ್ತಾನೆ. ಇಂಥ ಕಾಯಿಲೆಯವರು ಇರುವ ಮನೆಗಳಲ್ಲಿ ಇದನ್ನು ಮಾಡಿ ನೋಡಬಹುದು. ಪೆನ್ಸಿಲ್ ಒಂದು ಬಿಟ್ಟರೆ ಖರ್ಚಿಲ್ಲ.