ಬೆನ್ನು ಕೊಟ್ಟ ಜೀವಕ್ಕೆ ನಮ್ಮ ಅಂಗೈ

ಶ್ರಾವಣದ ಅಮಾವಾಸ್ಯೆಯ ಪೋಳಾ ಹಬ್ಬಕ್ಕೆ ಒಂದು ದಿನ ಮುಂಚೆ, ಇಳಿಹೊತ್ತಿನಲ್ಲಿ, ನಮ್ಮ ಸೀಮೆಯ ದನದ ಕೊಟ್ಟಿಗೆಗಳಲ್ಲಿ ನಡೆಯುವ ಒಂದು ಸಣ್ಣ ಆಚರಣೆಯನ್ನು ವಾಚಕರೆಲ್ಲರೂ ಬಲ್ಲರು. ವರ್ಷವೆಲ್ಲ ನೊಗ ಹೊತ್ತ ಎತ್ತಿನ ಹೆಗಲಿಗೆ ಬೆಣ್ಣೆಯನ್ನೋ ತುಪ್ಪವನ್ನೋ ಅರಿಶಿನದೊಡನೆ ಕಲಸಿ ಮೆಲ್ಲನೆ ತಿಕ್ಕುತ್ತೇವೆ. ಮರಾಠಿಯಲ್ಲಿ ಇದಕ್ಕೆ ‘ಖಾಂದೆಮಳಣಿ’ ಎಂದು ಹೆಸರು. ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡುವ ನಮಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡಿದ ಹೆಗಲಿಗೆ ಒಡೆಯನ ಕೈ ತಾಕಲೇಬೇಕೆಂಬ ಧರ್ಮ ಅದರಲ್ಲಿ ಅಡಗಿದೆ.

ಆದರೆ ಅದೇ ಊರಿನಲ್ಲಿ ಮದುವೆಯ ಮೆರವಣಿಗೆಗೆ ಬೆನ್ನು ಕೊಡುವ ಕುದುರೆಯೊಂದು ಇರುತ್ತದೆ. ದಸರೆಯಲ್ಲಿ ಅದಕ್ಕೆ ಕುಂಕುಮವಿಟ್ಟು ಹೂಮಾಲೆ ಹಾಕುವುದುಂಟು. ಜೀನು ಇಳಿಸಿದ ಮೇಲೆ ಅದರ ಬೆನ್ನನ್ನು ಮುಟ್ಟಿ ನೋಡುವವರು ಮಾತ್ರ ಅಪರೂಪವಾಗುತ್ತಿದ್ದಾರೆ. ಸವಾರಿಯ ಕುದುರೆಗೆ ಮಾಲೀಸು ಮಾಡುವ ವಿದ್ಯೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಹೊರಟಿರುವುದು ಈ ಕಾರಣದಿಂದಲೇ.

ಕುದುರೆಯ ನಾಡು

ನಮ್ಮದು ಕುದುರೆಗೆ ಅಪರಿಚಿತವಾದ ಸೀಮೆಯಲ್ಲ. ಉದಗೀರದ ಯುದ್ಧದಲ್ಲಿ ೧೭೬೦ರ ಫೆಬ್ರವರಿ ೩ರಂದು ಸದಾಶಿವರಾವ ಭಾವೂವಿನ ಸೈನ್ಯವು ನಿಜಾಮನನ್ನು ಸೋಲಿಸಿತು. ಅದೇ ವರ್ಷ ಆ ಸೇನಾಪತಿ ಉತ್ತರಕ್ಕೆ ನಡೆದನು. ೧೭೬೧ರ ಜನವರಿ ೧೪ರ ಪಾಣಿಪತದ ಯುದ್ಧಕ್ಕೆ ಮುನ್ನ ಆ ಪಾಳೆಯದಲ್ಲಿ ಮೇವಿಲ್ಲದೆ ಕುದುರೆಗಳು ಸೊರಗಿ ಸತ್ತುದನ್ನು ಇತಿಹಾಸ ಹೇಳುತ್ತದೆ. ರಾವುತನು ಎಷ್ಟೇ ಶೂರನಾದರೂ ಅವನ ಶೌರ್ಯವು ಕುದುರೆಯ ಮೈಬಲದ ಮೇಲೆಯೇ ನಿಂತಿರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಉಮರ್ಗಾದಿಂದ ಗಡಿ ದಾಟಿದೊಡನೆ ಸಿಗುವ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿತ್ತು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ಅರಸನ ಅಭ್ಯಂಗವನ್ನೂ ಕುದುರೆಯ ಸವಾರಿಯ ವಿನೋದವನ್ನೂ ವರ್ಣಿಸಿದ್ದಾನೆ. ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು, ಮುಂದಿನ ಕಾಲದಲ್ಲಿ ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಕನ್ನಡದಲ್ಲಿಯೇ ರಚಿಸಿದನು. ಪಶುಗಳ ನೋವನ್ನು ನಮ್ಮ ನುಡಿಯಲ್ಲಿ ಬರೆದಿಡುವ ಪರಂಪರೆ ಹೊಸದಲ್ಲವೆಂದು ಇದರಿಂದ ತಿಳಿಯುತ್ತದೆ.

ಇಂದಿಗೂ ಮಾರ್ಗಶಿರ ಮಾಸದಲ್ಲಿ ನಾಂದೇಡ ಜಿಲ್ಲೆಯ ಮಾಳೆಗಾಂವದ ಖಂಡೋಬನ ಜಾತ್ರೆಯಲ್ಲಿ ಕುದುರೆಗಳ ದೊಡ್ಡ ಪೇಟೆ ಸೇರುತ್ತದೆ. ಮರಾಠಿಗರ ಖಂಡೋಬನೇ ನಮ್ಮ ಮೈಲಾರ; ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಗಡಿಯ ಎರಡೂ ಕಡೆಯ ಭಕ್ತರು ನಡೆದುಕೊಳ್ಳುತ್ತಾರೆ. ಆ ದೈವವೇ ಕುದುರೆಯೇರಿದ ದೈವ. ಭೀಮಾ ತೀರದ ಗಿಡ್ಡ ತಳಿಯಾದ ಭೀಮಥಡಿ ಕುದುರೆ ಕುರಿಗಾರರ ಹೇರು ಹೊತ್ತು ದಖ್ಖನದ ದಾರಿಗಳಲ್ಲಿ ಇನ್ನೂ ನಡೆಯುತ್ತಿದೆ.

ಮೈಯ ರಚನೆ

ಮಾಲೀಸು ಕುದುರೆಗೆ ಏಕೆ ಬೇಕೆಂಬುದನ್ನು ತಿಳಿಯಲು ಅದರ ಮೈಯ ಕಟ್ಟನ್ನು ತುಸು ತಿಳಿಯಬೇಕು. ಮನುಷ್ಯನಿಗಿರುವಂತೆ ಕುದುರೆಗೆ ಕೊರಳ ಕೆಳಗಿನ ಅಡ್ಡೆಲುಬು ಇಲ್ಲ. ಅದರ ಮುಂಗಾಲುಗಳು ಎಲುಬಿನ ಕೀಲಿನಿಂದ ಮುಂಡಕ್ಕೆ ಸೇರಿಲ್ಲ. ಕೇವಲ ಸ್ನಾಯುಗಳ ಜೋಲಿಯೊಂದು ಎದೆಗೂಡನ್ನು ಎರಡು ಹೆಗಲುಗಳ ನಡುವೆ ತೂಗುಹಾಕಿದೆ. ಸವಾರನ ಭಾರವೂ ನಡಿಗೆಯ ಪ್ರತಿಯೊಂದು ಪೆಟ್ಟೂ ಆ ಸ್ನಾಯುಗಳ ಮೇಲೆಯೇ ಬೀಳುತ್ತವೆ. ಇದಕ್ಕೆ ವಿರುದ್ಧವಾಗಿ, ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸವೇ ಇಲ್ಲ. ಅಲ್ಲಿರುವುದು ನರದಂತೆ ಬಿಗಿದ ಸ್ನಾಯುರಜ್ಜು ಮತ್ತು ಎಲುಬು. ಆದ್ದರಿಂದ ಕತ್ತು, ಹೆಗಲು, ಬೆನ್ನಿನ ಎರಡು ಬದಿ, ತೊಡೆ ಇವು ಮಾಲೀಸಿಗೆ ತಕ್ಕ ಸ್ಥಳಗಳು. ಮಂಡಿಯ ಕೆಳಗೆ ಜೋರಾಗಿ ಒತ್ತುವುದು ಸಲ್ಲದು.

ಎರಡು ಕುದುರೆಗಳು ಮೇಯುವಾಗ ಒಂದರ ಕತ್ತಿನ ಬುಡವನ್ನು ಮತ್ತೊಂದು ಹಲ್ಲಿನಿಂದ ಮೆಲ್ಲನೆ ಕೆರೆಯುವುದನ್ನು ನಾವು ನೋಡಿರುತ್ತೇವೆ. ಫ್ರಾನ್ಸಿನ ಕಾಮಾರ್ಗ್ ಸೀಮೆಯ ಕುದುರೆಗಳ ಮೇಲೆ ನಡೆಸಿ ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮನುಷ್ಯನು ಅದೇ ಸ್ಥಳವನ್ನು ತಿಕ್ಕಿದಾಗ ಕುದುರೆಯ ಎದೆಬಡಿತ ಇಳಿದುದು ಕಂಡುಬಂತು. ಬೇರೆಡೆ ತಿಕ್ಕಿದಾಗ ಹಾಗಾಗಲಿಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕರ ಝೆನೊಫನ್ ಎಂಬುವನು ಕುದುರೆಯ ಬೆನ್ನೆಲುಬಿನ ಮೇಲೆ ಉಪಕರಣವನ್ನು ಬಳಸದೆ, ಕೂದಲು ಮಲಗಿದ ದಿಕ್ಕಿನಲ್ಲಿ ಬರಿಗೈಯಿಂದಲೇ ನೀವಬೇಕೆಂದು ಬರೆದಿಟ್ಟಿದ್ದಾನೆ.

ಒಂದು ಹೆಣ್ಣುಗುದುರೆಯ ಕಥೆ

ನಿಲಂಗಾದ ಕಡೆಯ ನಮ್ಮ ಪರಿಚಯದ ಮನೆಯೊಂದರಲ್ಲಿ ಮೆರವಣಿಗೆಗೆ ಹೋಗುವ ಹೆಣ್ಣುಗುದುರೆಯೊಂದಿತ್ತು. ಆ ಸಂಸಾರದ ಅರ್ಧ ವರ್ಷದ ಅನ್ನ ಅದರ ಬೆನ್ನ ಮೇಲೆ ನಡೆಯುತ್ತಿತ್ತು. ಒಂದು ಬೇಸಿಗೆಯಲ್ಲಿ ಅದು ಜೀನಿನ ಪಟ್ಟಿ ಬಿಗಿಯುವಾಗಲೆಲ್ಲ ತಿರುಗಿ ಕಚ್ಚತೊಡಗಿತು. ಒಮ್ಮೆ ಮದುಮಗನನ್ನು ಹತ್ತಿಸಿಕೊಳ್ಳುವಾಗ ಬೆನ್ನು ಕುಗ್ಗಿಸಿ ಪಕ್ಕಕ್ಕೆ ಸರಿಯಿತು. ಸೊಕ್ಕು ಬಂದಿದೆಯೆಂದು ಮನೆಯವರು ಬಾರುಕೋಲು ತೆಗೆದರು. ಅದರಿಂದ ಗುಣ ಕಾಣದೆ, ಮಾಳೆಗಾಂವದ ಜಾತ್ರೆಯಲ್ಲಿ ಬಂದ ಬೆಲೆಗೆ ಮಾರಿಬಿಡುವ ಮಾತೂ ಆಯಿತು.

ಹಿಂದೆ ಟಾಂಗಾ ಹೊಡೆಯುತ್ತಿದ್ದ ನೆರೆಮನೆಯ ಮುದುಕರೊಬ್ಬರು ಆ ದಿನ ಅಲ್ಲಿಗೆ ಬಂದರು. ‘ಮೊದಲು ಕೈ ಆಡಿಸಿ ನೋಡ್ರಪ್ಪಾ, ಆಮೇಲೆ ಬಡೀರಿ’ ಎಂದರು. ಅಂಗೈಯನ್ನು ಹರವಿ, ಕತ್ತಿನಿಂದ ಸೊಂಟದವರೆಗೆ, ಬೆನ್ನೆಲುಬಿನ ಪಕ್ಕದಲ್ಲಿ ಮೆಲ್ಲನೆ ಎಳೆದುಕೊಂಡು ಹೋದರು. ಜೀನು ಕೂರುವ ಎಡಗಡೆಯ ಒಂದು ಸ್ಥಳಕ್ಕೆ ಬಂದೊಡನೆ ಕುದುರೆಯ ತೊಗಲು ನಡುಗಿ, ಕಿವಿಗಳು ಹಿಂದಕ್ಕೆ ಮಲಗಿದವು. ಅಲ್ಲಿ ಮೈ ಬಿಸಿಯಾಗಿಯೂ ಗಟ್ಟಿಯಾಗಿಯೂ ಇತ್ತು. ಜೀನನ್ನು ತಿರುವಿ ನೋಡಿದರೆ ಒಳಗಿನ ಹತ್ತಿ ಒಂದೆಡೆ ಗಂಟುಗಟ್ಟಿ ಕಲ್ಲಿನಂತಾಗಿತ್ತು.

ಪಶುವೈದ್ಯರನ್ನು ಕರೆಸಿದರು. ಜೀನು ಹಾಕದೆ ಕೆಲವು ವಾರ ಬಿಡಬೇಕೆಂದು ಅವರು ಹೇಳಿದರು. ಊತ ಇಳಿದ ಮೇಲೆ ಮುದುಕರು ದಿನಕ್ಕೊಮ್ಮೆ ಬಂದು ಮನೆಯ ಹುಡುಗನಿಗೆ ಮಾಲೀಸು ಕಲಿಸಿದರು. ಜೀನಿನ ಹತ್ತಿಯನ್ನು ಬಿಚ್ಚಿ ಹಿಂಜಿ ತುಂಬಿಸಿದರು. ಕುದುರೆ ಮತ್ತೆ ಕೆಲಸಕ್ಕೆ ಬಂತು, ಕಚ್ಚುವುದು ನಿಂತಿತು. ಆದರೆ ಆ ಲಗ್ನಸರಾಯಿಯ ಹಲವು ಮೆರವಣಿಗೆಗಳು ಕೈತಪ್ಪಿದವು, ಕಿರಾಣಿ ಅಂಗಡಿಯಲ್ಲಿ ಸಾಲ ಬೆಳೆಯಿತು. ಆ ಮನೆಯ ಹಿರಿಯರು ನಮ್ಮೊಡನೆ ಹೇಳಿದ್ದು ಸಾಲದ ಮಾತನ್ನಲ್ಲ. ‘ನೋವೆಂದು ಅದು ಹೇಳುತ್ತಿತ್ತು, ನಾವು ಅದನ್ನು ಬಡಿದೆವು’ ಎಂದು ತಲೆ ತಗ್ಗಿಸಿದರು.

ಮಾಡುವ ಕ್ರಮ

ಕೆಲಸ ಮುಗಿದೊಡನೆ ಕುದುರೆಯನ್ನು ಕಟ್ಟಿಹಾಕದೆ ಮೊದಲು ಹತ್ತು ಹದಿನೈದು ನಿಮಿಷ ಮೆಲ್ಲನೆ ನಡೆಸಬೇಕು. ಉಸಿರು ನಿಧಾನವಾದ ಮೇಲೆ ಬೆವರನ್ನು ಒರೆಸಿ, ಖರಾರಾ ಮತ್ತು ಬ್ರಶ್ಶಿನಿಂದ ಧೂಳು ತೆಗೆಯಬೇಕು. ಕುದುರೆಯ ಪಕ್ಕದಲ್ಲಿ ನಿಲ್ಲಬೇಕು. ನೇರ ಹಿಂದೆ ಎಂದಿಗೂ ನಿಲ್ಲಬಾರದು. ಒಂದು ಕೈ ಸದಾ ಮೈಮೇಲಿದ್ದರೆ ಅದು ಬೆಚ್ಚುವುದಿಲ್ಲ.

ಕತ್ತಿನಿಂದ ಆರಂಭಿಸಿ, ಅಂಗೈಯನ್ನು ಹರವಿ ಕೂದಲಿನ ದಿಕ್ಕಿನಲ್ಲಿ ಉದ್ದಕ್ಕೆ ನೀವಬೇಕು. ಮೈ ಬೆಚ್ಚಗಾದ ಮೇಲೆ ಕತ್ತಿನ ಬುಡ, ಹೆಗಲು, ತೊಡೆಗಳನ್ನು ಜೋಳದ ಹಿಟ್ಟು ನಾದುವ ಹದದಲ್ಲಿ, ಅಂಗೈಯ ಬುಡದಿಂದ ನಾದಬೇಕು. ಬೆನ್ನೆಲುಬಿನ ಮೇಲೆ ಒತ್ತದೆ ಅದರ ಎರಡು ಪಕ್ಕದ ಮಾಂಸವನ್ನು ಮಾತ್ರ ಹಿಡಿಯಬೇಕು. ಗಟ್ಟಿಯಾದ ಜಾಗ ಸಿಕ್ಕರೆ ಬಲ ಪ್ರಯೋಗಿಸದೆ, ಬೆರಳ ತುದಿಗಳನ್ನು ಅಲ್ಲಿಟ್ಟು ಸಣ್ಣ ಸುತ್ತುಗಳಲ್ಲಿ ಆಡಿಸಿ ಸಡಿಲವಾಗುವವರೆಗೆ ಕಾಯಬೇಕು. ಕೊನೆಗೆ ಮತ್ತೆ ಉದ್ದಕ್ಕೆ ನೀವಿ ಮುಗಿಸಬೇಕು. ಇಪ್ಪತ್ತು ನಿಮಿಷ ಸಾಕು. ಎಣ್ಣೆ ಅವಶ್ಯವಲ್ಲ, ಕೂದಲಿಗೆ ಎಣ್ಣೆ ಹತ್ತಿದರೆ ಧೂಳು ಅಂಟಿ, ಜೀನಿನ ಕೆಳಗೆ ಅದೇ ಗಾಯಕ್ಕೆ ಮೂಲವಾಗುತ್ತದೆ.

ಕೈ ಸರಿಯಾದ ಕಡೆ ಬಿದ್ದಿದೆಯೇ ಎಂಬುದನ್ನು ಕುದುರೆಯೇ ಹೇಳುತ್ತದೆ. ತಲೆ ಕೆಳಗಿಳಿದು, ಕಣ್ಣು ಅರೆಮುಚ್ಚಿ, ಕೆಳದುಟಿ ಜೋತು, ದೀರ್ಘವಾಗಿ ಉಸಿರುಬಿಟ್ಟರೆ ಅದಕ್ಕೆ ಹಿತವಾಗಿದೆ. ಕಿವಿ ಹಿಂದಕ್ಕೆ ಮಲಗಿದರೆ, ಬಾಲ ಝಾಡಿಸಿದರೆ, ಹಲ್ಲು ಕಡಿದರೆ ಅಲ್ಲಿ ನೋವಿದೆ, ಕೈ ಹಗುರಾಗಬೇಕು.

ಮಾಡಬಾರದ ಸಮಯ

ಮಾಲೀಸು ಔಷಧವಲ್ಲ ಎಂಬುದನ್ನು ಮರೆಯಬಾರದು. ಅದು ಮೈಯನ್ನು ಸಡಿಲಗೊಳಿಸಿ, ನೋವನ್ನು ಮುಂಚೆಯೇ ಪತ್ತೆಹಚ್ಚಲು ನೆರವಾಗುತ್ತದೆ, ಮುರಿದುದನ್ನು ಕೂಡಿಸುವುದಿಲ್ಲ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ ೨೮ರಿಂದ ೪೪, ಉಸಿರು ೮ರಿಂದ ೧೬, ಮೈಶಾಖ ೩೭.೫ರಿಂದ ೩೮.೫ ಸೆಲ್ಸಿಯಸ್ ಇರುವುದು ಸಹಜ. ಜ್ವರವಿದ್ದಾಗ, ತೆರೆದ ಗಾಯವಿದ್ದಾಗ, ಕುಂಟುತ್ತಿರುವಾಗ ಕೈ ಹಾಕಬಾರದು. ಜೀನಿನ ಹುಣ್ಣನ್ನು ಸಣ್ಣದೆಂದು ಬಿಡಬಾರದು. ಕುದುರೆಗೆ ಧನುರ್ವಾಯು ಬಲುಬೇಗ ತಗಲುತ್ತದೆ, ಅದಕ್ಕೆ ಲಸಿಕೆಯುಂಟು. ದುಡಿಮೆಯ ನಂತರ ತೊಡೆ ಸೊಂಟಗಳು ಕಲ್ಲಿನಂತಾಗಿ, ಹೆಜ್ಜೆ ಕೀಳಲಾಗದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ, ಅದು ಮಾಂಸವೇ ಒಡೆಯುವ ರೋಗ. ಆಗ ನಡೆಸುವುದೂ ತಿಕ್ಕುವುದೂ ಅಪಾಯಕರ. ತಡಮಾಡದೆ ವೈದ್ಯರನ್ನು ಕರೆಯಬೇಕು. ಉದಗೀರದಲ್ಲಿ ೧೯೮೭ರಿಂದ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಮೂರು ತಾಲೂಕುಗಳ ಭಾಗ್ಯ.

ಭಾರದ ಲೆಕ್ಕ

ಎಷ್ಟು ಮಾಲೀಸು ಮಾಡಿದರೂ ಹೊರೆಯೇ ಮಿತಿಮೀರಿದರೆ ಫಲವಿಲ್ಲ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರ ಲೆಕ್ಕ. ೩೦೦ ಕಿಲೋ ತೂಗುವ ಕುದುರೆ ೬೦ ಕಿಲೋ ಹೊರಬಹುದು. ಈಗ ನಮ್ಮ ಮೆರವಣಿಗೆಯನ್ನು ನೋಡೋಣ. ಮದುಮಗ ೭೦ ಕಿಲೋ, ಅವನ ಮುಂದೆ ಕೂರಿಸಿದ ಬಾಲಕ ೨೦, ಅಲಂಕಾರದ ಜೀನು ೨೦ ಎಂದರೆ ೧೧೦ ಕಿಲೋ ಆಯಿತು. ಇದನ್ನು ಹೊರಲು ೫೫೦ ಕಿಲೋ ತೂಗುವ ಕುದುರೆ ಬೇಕು. ನಮ್ಮ ಊರುಗಳ ಸಾಧಾರಣ ಕುದುರೆ ಅಷ್ಟು ತೂಗುವುದಿಲ್ಲ. ಇದರ ಮೇಲೆ ವೈಶಾಖದ ಬಿಸಿಲು, ಕಾದ ಡಾಂಬರು, ಕಿವಿಯ ಬಳಿಯ ಬ್ಯಾಂಡು, ಕಾಲ ಬಳಿಯ ಪಟಾಕಿ!

ಆ ನಿಲಂಗಾದ ಮನೆಯವರು ಈಗ ಬಾಲಕನನ್ನು ಕೂರಿಸಲು ಒಪ್ಪುವುದಿಲ್ಲ. ನಡುದಾರಿಯಲ್ಲಿ ಒಮ್ಮೆ ನೀರು ಕುಡಿಸಲು ನಿಲ್ಲಿಸುತ್ತಾರೆ. ಕೆಲವು ಬೀಗರು ಮುನಿಸಿಕೊಂಡು ಬೇರೆ ಕುದುರೆ ನೋಡಿಕೊಂಡದ್ದೂ ಉಂಟು. ಆ ನಷ್ಟವನ್ನು ಬಡ ಸಂಸಾರವೊಂದೇ ಹೊರುವುದು ನ್ಯಾಯವಲ್ಲ. ಕುದುರೆಯನ್ನು ಗೊತ್ತುಮಾಡುವ ನಾವು, ಮದುವೆ ಮಾಡುವ ನಾವು, ಒಂದು ಮಾತು ಕೇಳಬಹುದು: ‘ಇದರ ಬೆನ್ನು ನೆಟ್ಟಗಿದೆಯೇ? ಇಬ್ಬರನ್ನು ಕೂರಿಸದಿದ್ದರೂ ನಮಗೆ ಸೈ.’

ಬರುವ ಪೋಳಾದ ಮುನ್ನಾ ಸಂಜೆ ಎತ್ತಿನ ಹೆಗಲು ತಿಕ್ಕಿದ ಮೇಲೆ ಅಂಗೈಯಲ್ಲಿ ಅರಿಶಿನದ ಬಣ್ಣ ಉಳಿದಿರುತ್ತದೆ. ಕೈ ತೊಳೆದುಕೊಂಡು, ಊರಲ್ಲಿ ಕುದುರೆಯಿರುವ ಮನೆಯತ್ತ ಮಕ್ಕಳನ್ನು ಕರೆದುಕೊಂಡು ಹೋಗಿ, ಒಡೆಯರ ಅಪ್ಪಣೆ ಪಡೆದು, ಅದರ ಕತ್ತಿನ ಬುಡವನ್ನು ಒಮ್ಮೆ ಮೆಲ್ಲನೆ ನೀವಿ ನೋಡಿರಿ. ಅದು ತಲೆ ತಗ್ಗಿಸಿ ಉಸಿರುಬಿಡುವುದನ್ನು ಕಂಡ ಮಗು ಮುಂದೆ ಬಾರುಕೋಲು ಹಿಡಿಯಲು ಹಿಂಜರಿದೀತು.