ದೇಗಾಂವದ ಶಿಲೆ, ಹಲಸಿಯ ತಾಮ್ರ

ಕಿತ್ತೂರಿನಿಂದ ಐದಾರು ಕಿಲೋಮೀಟರು ದೂರದ ದೇಗಾಂವಕ್ಕೆ ಹೋದವರು ಕಮಲನಾರಾಯಣ ದೇವಾಲಯದ ಒರೆದು ನುಣುಪುಗೊಳಿಸಿದ ಕಂಬಗಳನ್ನೂ, ಮೂರು ಗರ್ಭಗೃಹಗಳಲ್ಲಿ ನೆಲೆಸಿರುವ ನಾರಾಯಣ, ಲಕ್ಷ್ಮೀನಾರಾಯಣ, ಕಮಲೆಯರ ಮೂರ್ತಿಗಳನ್ನೂ ಕಂಡು, ಹೊರಗೋಡೆಯ ಸರಳತೆಗೆ ಒಳಗಿನ ಕುಸುರಿಯನ್ನು ಹೋಲಿಸಿ ವಿಸ್ಮಯಪಟ್ಟು ಹಿಂದಿರುಗುವುದು ವಾಡಿಕೆ. ಈ ಸೀಮೆಯ ಪೂರ್ವಕಥೆಯನ್ನು ಅರಿಯಬಯಸುವವನಿಗಾದರೋ ಇಲ್ಲಿನ ಮುಖ್ಯ ಸಂಪತ್ತು ಅಕ್ಷರ.

ಗೋವೆಯ ಕದಂಬರ ಅರಸನಾದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಈ ದೇಗುಲವನ್ನು ಮಾಡಿಸಿದವಳು. ನಿರ್ಮಿಸಿದ ಶಿಲ್ಪಿ ತಿಪ್ಪೋಜ. ಅಂದು ದೇಗಂವೆ ಎನಿಸಿದ್ದ ಈ ಊರನ್ನು ಬ್ರಾಹ್ಮಣರಿಗೆ ಅಗ್ರಹಾರವಾಗಿ ಬಿಟ್ಟುದನ್ನು ತಿಳಿಸುವ ಶಾಸನದ ಒಂದು ವಿಶೇಷವೆಂದರೆ, ಅದೇ ಸಂಸ್ಕೃತ ಪಾಠವನ್ನು ಒಮ್ಮೆ ನಾಗರಿಯಲ್ಲಿಯೂ ಒಮ್ಮೆ ಕನ್ನಡ ಲಿಪಿಯಲ್ಲಿಯೂ ಕೊರೆಯಿಸಿದ್ದಾರೆ. ಎರಡು ಲಿಪಿಗಳ ಓದುಗರೂ ಬಂದು ಹೋಗುತ್ತಿದ್ದ ಸ್ಥಳ ಇದಾಗಿದ್ದಿರಬೇಕೆಂದು ನನಗೆ ತೋರುತ್ತದೆ. ಶಾಸನದ ಕಾಲ ಕಲಿಯುಗದ 4275. ಅದರಿಂದ 3101ನ್ನು ಕಳೆದರೆ ಕ್ರಿ.ಶ. 1174. ಚಾಲುಕ್ಯವಿಕ್ರಮ ಶಕವನ್ನೇ ಆರಂಭಿಸಿದ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯ ಮಗನಾದ ಪೆರ್ಮಾಡಿ, ತಾತನ ಶಕವನ್ನು ಬದಿಗಿಟ್ಟು ಕಲಿವರ್ಷವನ್ನು ಬಳಸಿದುದರಲ್ಲಿ ಸ್ವಾತಂತ್ರ್ಯದ ಗರ್ವವೂ ಕೊಂಚ ಸೇರಿರಬಹುದು.

ದೇಗಂವೆ ಸೇರಿದ್ದುದು ಪಲಸಿಗೆ ನಾಡಿಗೆ. ಆ ನಾಡಿಗೆ ಹೆಸರು ಕೊಟ್ಟ ನಗರ ಇಂದಿನ ಖಾನಾಪುರ ತಾಲ್ಲೂಕಿನ ಹಲಸಿ. ಬನವಾಸಿಯ ಕದಂಬರ ಕಾಲಕ್ಕೆ ಪಲಾಶಿಕಾ ಎನಿಸಿದ್ದ ಈ ಪಟ್ಟಣದ ವೃತ್ತಾಂತಕ್ಕೆ ಶಿಲೆಗಿಂತ ತಾಮ್ರವೇ ಹಳೆಯ ಸಾಕ್ಷಿ. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನು ಶ್ರುತಕೀರ್ತಿಯೆಂಬ ಸೇನಾಪತಿಗೆ ಭೂಮಿಯನ್ನು ಕೊಟ್ಟ ಸಂಗತಿಯಿದೆ. ಮೃಗೇಶವರ್ಮನು ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿಯಿದೆ. ಏಳುನೂರು ವರ್ಷಗಳ ಬಳಿಕ ದೇಗಂವೆಯ ರಾಣಿ ನಾರಾಯಣನಿಗೆ ಗುಡಿ ಕಟ್ಟಿಸಿದಳು. ರಾಜರ ಪ್ರಶಸ್ತಿಗಳಲ್ಲಿ ಬರುವ ಸಮುದ್ರದಾಚೆಯವರೆಗಿನ ಕೀರ್ತಿಯನ್ನು ಅರ್ಧಕ್ಕರ್ಧ ಇಳಿಸಿಕೊಂಡೇ ಓದಬೇಕು. ದಾನದ ಭಾಗಕ್ಕೆ ಬಂದಾಗ ಮಾತ್ರ ಕವಿ ಸರಿದು ಕರಣಿಕ ಮುಂದೆ ಬರುತ್ತಾನೆ, ಆಗ ಹೊಲ, ಎಲ್ಲೆ, ಹಕ್ಕುದಾರರು ಕಾಣಿಸಿಕೊಳ್ಳುತ್ತಾರೆ.

ಈ ಬರಹಗಳನ್ನು ಲೋಕಕ್ಕೆ ಓದಿಕೊಟ್ಟವರ ಕಥೆಯೂ ಸ್ವಾರಸ್ಯವಾದುದು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಹತನಾದಾಗ ಕಿತ್ತೂರಿನವರ ಕೈಗೆ ಸೆರೆಸಿಕ್ಕಿ, ಪ್ರಾಣಾಪಾಯವಿಲ್ಲದೆ ಬಿಡುಗಡೆಯಾದ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯೇ ಮುಂದೆ ಕನ್ನಡನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿ ಸಂಗ್ರಹಿಸಿದನು. ಗೋವೆಯ ಕದಂಬರ ಶಾಸನಗಳನ್ನು, ದೇಗಾಂವದ್ದೂ ಸೇರಿದಂತೆ, ಸಂಪಾದಿಸಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಕೀರ್ತಿ ಜೆ. ಎಫ್. ಫ್ಲೀಟರದು.

ಅವುಗಳ ಪೈಕಿ ಕಿತ್ತೂರಿನ ಶಾಸನ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಮೂರನೆಯ ಜಯಕೇಶಿಯ ಕಾಲದಲ್ಲಿ ಕಲ್ಲೇಶ್ವರ ದೇವರ ಆಚಾರ್ಯ ಶಿವಶಕ್ತಿಗೂ ಮೂಲಸ್ಥಾನ ದೇವರ ಆಚಾರ್ಯ ಕಲ್ಯಾಣಶಕ್ತಿಗೂ ಒಂದು ಹೊಲದ ಸಂಬಂಧವಾಗಿ ವ್ಯಾಜ್ಯ ಹುಟ್ಟಿತು. ಹೊಲ ತನ್ನ ದೇವರದೆಂದು ಕಲ್ಯಾಣಶಕ್ತಿ ಆಣೆಯಿಟ್ಟನು. ಅಲ್ಲ, ಕಲ್ಲೇಶ್ವರನದೆಂದು ಶಿವಶಕ್ತಿ ಫಾಲದಿವ್ಯಕ್ಕೆ ಮುಂದಾಗಿ, ಕಾದು ಕೆಂಪಾದ ನೇಗಿಲ ಗುಳವನ್ನು ಕೈಯಲ್ಲಿ ಹಿಡಿದನು. ಮರುದಿನ ಊರ ಮುಖ್ಯರು ಕೂಡಿ ಆ ಕೈಯನ್ನು ಪರೀಕ್ಷಿಸಿ, ಕಲ್ಯಾಣಶಕ್ತಿ ಸೋತನೆಂದು ತೀರ್ಪಿತ್ತರು. ಹೊಲ ಕಲ್ಲೇಶ್ವರನಿಗೆ ಉಳಿಯಿತು, ಮತ್ತೆ ಯಾರೂ ತಕರಾರು ಎತ್ತದಿರಲೆಂದೋ ಏನೋ, ನಡೆದುದನ್ನೆಲ್ಲ ಕಲ್ಲಿಗೆ ಏರಿಸಿದರು.